ಗೂಬೆ ಸತ್ತರೆ ನನ್ನ ಪಾತ್ರಕ್ಕೇನಾಗುತ್ತದೆ? ಫೆಮಿಲಿಯರ್ ಪಡೆಯುವ ನಿಯಮಗಳು

ಓದುಗರ ಪ್ರಶ್ನೆ: ನಾವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಮೇಜಿನಾಟದ ಐದನೇ ಆವೃತ್ತಿ ಆಡುತ್ತೇವೆ, 2014ರ ಪುಸ್ತಕ. ನನ್ನದು ರೋಗ್ ಪಾತ್ರ, ಅಂದರೆ ಹೊಂಚು ಹಾಕಿ ಹೊಡೆಯುವ ಚುರುಕು ಕಳ್ಳ. ಈಗ ಎರಡನೇ ಲೆವೆಲ್, ಮುಂದಿನ ಆಟಕ್ಕೆ ಮೂರನೆಯದಕ್ಕೆ ಏರುತ್ತೇನೆ. ಒಂದು ಗೂಬೆಯನ್ನು ಫೆಮಿಲಿಯರ್ (ಮಂತ್ರದಿಂದ ಬರುವ ಜೊತೆಗಾರ ಪ್ರಾಣಿ) ಆಗಿ ಇಟ್ಟುಕೊಳ್ಳಬೇಕೆಂದು ಮೊದಲಿನಿಂದಲೂ ಆಸೆ. ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಡಿಎಂ (ಆಟ ನಡೆಸುವವರು), "ಕಾಡಿಗೆ ಹೋಗಿ ನಿಜವಾದ ಗೂಬೆಯನ್ನು ಹುಡುಕಿ ಪಳಗಿಸಬೇಕು" ಎನ್ನುತ್ತಾರೆ. ಹಳೆಯ ಆಟಗಾರರೊಬ್ಬರು, "ಅದು ಸತ್ತರೆ ನಿನ್ನ ಕಾನ್‌ಸ್ಟಿಟ್ಯೂಷನ್ (ದೇಹಬಲದ ಅಂಕ) ಶಾಶ್ವತವಾಗಿ ಇಳಿಯುತ್ತದೆ, ನೀನೂ ಸಾಯಬಹುದು" ಎಂದು ಹೆದರಿಸಿದ್ದಾರೆ. ಇನ್ನೊಬ್ಬ ಗೆಳತಿ, "ವಿಝರ್ಡ್ (ಮಾಂತ್ರಿಕ) ಅಲ್ಲದವರಿಗೆ ಅದು ಸಿಗುವುದೇ ಇಲ್ಲ" ಎನ್ನುತ್ತಾಳೆ. ನಮ್ಮ ಗುಂಪಿನ ವಿಝರ್ಡ್‌ನ ಬೆಕ್ಕು ಪ್ರತಿ ಆಟದಲ್ಲೂ ಸಾಯುತ್ತಿದೆ, ಅದರ ಬಗ್ಗೆ ಈಗಾಗಲೇ ಮನಸ್ತಾಪ ಇದೆ. ನಾನೂ ಒಂದನ್ನು ತಂದರೆ ಸ್ವಾರ್ಥಿ ಅನ್ನಿಸಿಕೊಳ್ಳುತ್ತೇನಾ? ಯಾರ ಮಾತು ಸರಿ?

ಉತ್ತರ: ನಿಮಗೆ ಹೇಳಿದವರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಆದರೆ ಒಬ್ಬೊಬ್ಬರು ಒಂದೊಂದು ಕಾಲದ ಪುಸ್ತಕದಿಂದ ಮಾತಾಡಿದ್ದಾರೆ. ಹಲವು ವರ್ಷಗಳಿಂದ ಆಟ ನಡೆಸುತ್ತಿರುವ ನನಗೆ ಫೆಮಿಲಿಯರ್ ಕುರಿತ ಜಗಳಗಳ ಬೇರು ಹೆಚ್ಚಾಗಿ ಕಂಡದ್ದು ಇಲ್ಲೇ: ನಾಲ್ಕು ದಶಕಗಳ ನಿಯಮಗಳು ಒಂದೇ ಮೇಜಿನ ಮೇಲೆ ಕಲಸಿಹೋಗಿರುತ್ತವೆ, ಯಾವುದನ್ನು ಆಡುತ್ತಿದ್ದೇವೆ ಎಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ.

ಹಳೆಯ ಆಟಗಾರರ ಹೆದರಿಕೆಯಿಂದಲೇ ಶುರು ಮಾಡೋಣ, ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ ಎಂದು ತೋರುತ್ತದೆ. 1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಫೆಮಿಲಿಯರ್ ಕರೆಯುವ ಫೈಂಡ್ ಫೆಮಿಲಿಯರ್ ನಿಜಕ್ಕೂ ಭಯ ಹುಟ್ಟಿಸುವ ಮಂತ್ರವಾಗಿತ್ತು. ವರ್ಷಕ್ಕೊಮ್ಮೆ ಮಾತ್ರ ಪ್ರಯತ್ನ. ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ 100 ಚಿನ್ನದ ನಾಣ್ಯ ಬೆಲೆಯ ಧೂಪ ಮತ್ತು ಗಿಡಮೂಲಿಕೆ ಸುಡಬೇಕು. ಬಳಿಕ ಇಪ್ಪತ್ತು ಮುಖದ ದಾಳ ಉರುಳಿಸಿದರೆ ಕಪ್ಪು ಬೆಕ್ಕೋ ಕಾಗೆಯೋ ಗಿಡುಗವೋ ಗೂಬೆಯೋ ಕಪ್ಪೆಯೋ ಮುಂಗುಸಿಯಂಥ ವೀಸಲ್ಲೋ ಬರುತ್ತಿತ್ತು. 16ರಿಂದ 20 ಬಿದ್ದರೆ ಸುತ್ತಮುತ್ತ ಯಾವ ಪ್ರಾಣಿಯೂ ಇಲ್ಲ, ಸುಟ್ಟದ್ದೆಲ್ಲ ಹೊಗೆ. ಬಂದದ್ದು ಸತ್ತರೆ, ಅದರಿಂದ ನಿಮಗೆ ಸೇರಿದ್ದ ಹಿಟ್ ಪಾಯಿಂಟ್‌ಗಳ (ಪೆಟ್ಟು ತಾಳುವ ಅಂಕಗಳ) ಎರಡರಷ್ಟು ಶಾಶ್ವತವಾಗಿ ಹೋಗುತ್ತಿದ್ದವು. 1989ರ ಎರಡನೇ ಆವೃತ್ತಿ ಇನ್ನೂ ಕಠಿಣ. ಖರ್ಚು 1,000 ನಾಣ್ಯ. ಫೆಮಿಲಿಯರ್ ಸತ್ತ ಕ್ಷಣ ಮಾಂತ್ರಿಕ ಸಿಸ್ಟಮ್ ಶಾಕ್ (ಆಘಾತ ತಾಳುವ) ಪರೀಕ್ಷೆ ಗೆಲ್ಲಬೇಕು, ಸೋತರೆ ಸಾವು. ಗೆದ್ದರೂ ಒಂದು ಅಂಕ ಕಾನ್‌ಸ್ಟಿಟ್ಯೂಷನ್ ನಷ್ಟ. ನಿಮ್ಮ ಹಿರಿಯ ಗೆಳೆಯರು ಹೇಳಿದ್ದು ಅಕ್ಷರಶಃ ಈ ನಿಯಮ.

2000ದ ಮೂರನೇ ಆವೃತ್ತಿಯಲ್ಲಿ ಫೆಮಿಲಿಯರ್ ಎಂಬುದು ಮಂತ್ರವಾಗಿರದೆ ವಿಝರ್ಡ್ ಮತ್ತು ಸಾರ್ಸರರ್ ವರ್ಗಗಳ ಹಕ್ಕಾಯಿತು. ಒಂದು ಇಡೀ ದಿನ ಮತ್ತು 100 ನಾಣ್ಯ ಕೊಟ್ಟರೆ ಬೇಕಾದ ಪ್ರಾಣಿ ಬರುತ್ತಿತ್ತು. ಸತ್ತರೆ ಪ್ರತಿ ಲೆವೆಲ್‌ಗೆ 200ರಂತೆ ಅನುಭವದ ಅಂಕ ಕಡಿತ, ಫಾರ್ಟಿಟ್ಯೂಡ್ (ದೇಹದ ತಾಳಿಕೆಯ) ಪರೀಕ್ಷೆ ಗೆದ್ದರೆ ಅದರ ಅರ್ಧ. ಅದರ ಮೇಲೆ ಒಂದು ವರ್ಷ ಒಂದು ದಿನ ಹೊಸದು ಸಿಗುವಂತಿರಲಿಲ್ಲ. ಆ ಕಾಲದಲ್ಲಿ ಎಷ್ಟೋ ಜನ ಫೆಮಿಲಿಯರ್ ಪಡೆದು ಚೀಲದೊಳಗೆ ಬಚ್ಚಿಟ್ಟೇ ಆಡುತ್ತಿದ್ದರು. ಆಡಲು ಹೆದರಬೇಕಾದ ಜೊತೆಗಾರ ಇದ್ದೂ ಇಲ್ಲದಂತೆ. ನಂತರ ನಿಯಮಗಳು ಯಾಕೆ ಸಡಿಲವಾದವು ಎಂಬುದು ಇದರಿಂದಲೇ ಅರ್ಥವಾಗುತ್ತದೆ.

ಈಗ ನಿಮ್ಮ ಕೈಲಿರುವ 2014ರ ಪುಸ್ತಕಕ್ಕೆ ಬನ್ನಿ. ಇಲ್ಲಿ ಬರುವುದು ಪ್ರಾಣಿಯಲ್ಲ, ಪ್ರಾಣಿಯ ರೂಪ ತಾಳಿದ ಚೇತನ. ಅದು ಸ್ವರ್ಗೀಯವೋ ಫೇ (ಯಕ್ಷಿಣಿ) ಲೋಕದ್ದೋ ಪೈಶಾಚಿಕವೋ ಎಂಬುದನ್ನೂ ನೀವೇ ಆರಿಸುತ್ತೀರಿ. ಒಂದು ಗಂಟೆಯ ವಿಧಿ, 10 ನಾಣ್ಯದ ಇದ್ದಿಲು, ಧೂಪ, ಮೂಲಿಕೆ, ಇಷ್ಟೇ ಬೆಲೆ. ಹಿಟ್ ಪಾಯಿಂಟ್ ಸೊನ್ನೆಗಿಳಿದರೆ ದೇಹವೂ ಉಳಿಯದೆ ಮಾಯವಾಗುತ್ತದೆ. ಮತ್ತೆ ಮಂತ್ರ ಹಾಕಿದರೆ ಅದೇ ಚೇತನ ಮರಳಿ ಬರುತ್ತದೆ, ಬೇಕಿದ್ದರೆ ಬೇರೆ ರೂಪದಲ್ಲಿ. ನಿಮ್ಮ ಕಾನ್‌ಸ್ಟಿಟ್ಯೂಷನ್‌ಗೆ ಏನೂ ಆಗುವುದಿಲ್ಲ. ಹಾಗಾಗಿ ಸಾವಿನ ಭಯವನ್ನು ಪೂರ್ತಿ ಬಿಟ್ಟುಬಿಡಿ.

ಕಾಡಿಗೆ ಹೋಗಿ ಹುಡುಕಬೇಕೆಂಬ ನಿಮ್ಮ ಡಿಎಂ ಮಾತೂ ಹಳೆಯ ಆವೃತ್ತಿಗಳ ನೆನಪೇ ಇರಬೇಕು, ಆಗ ಸುತ್ತಲಿದ್ದ ನಿಜವಾದ ಪ್ರಾಣಿಯೇ ಮಂತ್ರದ ಕರೆಗೆ ಬರುತ್ತಿತ್ತು. ಆದರೆ ಆ ಮಾತಿನ ಹಿಂದೆ ಬೇರೆ ಕಾರಣವೂ ಇರಬಹುದು, ಅದನ್ನು ಮುಂದೆ ನೋಡೋಣ.

ರೋಗ್‌ಗೆ ದಾರಿ ಇದೆಯೇ?

ಇದೆ. ಫೈಂಡ್ ಫೆಮಿಲಿಯರ್ ವಿಝರ್ಡ್ ಪಟ್ಟಿಯ ಮಂತ್ರ ಎಂಬಷ್ಟರ ಮಟ್ಟಿಗೆ ನಿಮ್ಮ ಗೆಳತಿಯ ಮಾತು ಸರಿ. ಆದರೆ ಆ ಪಟ್ಟಿಗೆ ಕೈ ಹಾಕಲು ವಿಝರ್ಡ್ ಆಗಲೇಬೇಕೆಂದಿಲ್ಲ. ವಾರ್ಲಾಕ್‌ಗಳಿಗೆ (ಅಲೌಕಿಕ ಶಕ್ತಿಯೊಡನೆ ಒಪ್ಪಂದ ಮಾಡಿಕೊಂಡ ಮಾಂತ್ರಿಕರಿಗೆ) ಪ್ಯಾಕ್ಟ್ ಆಫ್ ದ ಚೈನ್ ಮೂಲಕ ಮೂರನೇ ಲೆವೆಲ್‌ನಲ್ಲಿ ಸಿಗುತ್ತದೆ, ಜೊತೆಗೆ ಇಂಪ್, ಕ್ವಾಸಿಟ್, ಸ್ಯೂಡೋಡ್ರ್ಯಾಗನ್, ಸ್ಪ್ರೈಟ್ ಎಂಬ ನಾಲ್ಕು ವಿಶೇಷ ರೂಪಗಳು. ಅದು ನಿಮಗೆ ಬೇಡದ ಮಾತು.

ನಿಮಗೆ ನೇರವಾದ ದಾರಿ ಆರ್ಕೇನ್ ಟ್ರಿಕ್‌ಸ್ಟರ್. ಮೂರನೇ ಲೆವೆಲ್‌ಗೆ ಏರುವಾಗ ರೋಗ್ ಈ ಉಪವರ್ಗ ಆರಿಸಿಕೊಂಡರೆ ಮೂರು ಒಂದನೇ ಲೆವೆಲ್ ಮಂತ್ರಗಳು ಬರುತ್ತವೆ. ಎರಡು ಎನ್‌ಚಾಂಟ್‌ಮೆಂಟ್ (ಮನಸ್ಸು ಮರುಳುಗೊಳಿಸುವ) ಅಥವಾ ಇಲ್ಯೂಷನ್ (ಭ್ರಮೆ ಹುಟ್ಟಿಸುವ) ವಿಭಾಗದವೇ ಆಗಿರಬೇಕು, ಮೂರನೆಯದು ವಿಝರ್ಡ್ ಪಟ್ಟಿಯಲ್ಲಿ ಯಾವುದಾದರೂ ಆಗಬಹುದು. ಆ ಮೂರನೆಯ ಜಾಗದಲ್ಲಿ ಫೈಂಡ್ ಫೆಮಿಲಿಯರ್ ಕೂರುತ್ತದೆ. ಇಂಥ ಬಂಧನವಿಲ್ಲದ ಜಾಗ ಮತ್ತೆ ಸಿಗುವುದು ಎಂಟನೇ ಲೆವೆಲ್‌ಗೆ. ಅಂದರೆ ಗೂಬೆಯನ್ನು ಆರಿಸಿದರೆ ಶೀಲ್ಡ್‌ನಂಥ ಜೀವ ಉಳಿಸುವ ಮಂತ್ರವನ್ನು ಬಹಳ ಕಾಲ ಬಿಟ್ಟುಕೊಡುತ್ತೀರಿ. ನೀವು ತೆರುವ ನಿಜವಾದ ಬೆಲೆ ಇದೇ, ಹತ್ತು ನಾಣ್ಯವಲ್ಲ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಸಂಗತಿ ಇದೆ. ನಿಮ್ಮ ಗುಂಪಿನ ವಿಝರ್ಡ್ ಈ ಮಂತ್ರವನ್ನು ರಿಚುವಲ್ ಆಗಿ ಹಾಕಬಲ್ಲರು, ಹತ್ತು ನಿಮಿಷ ಹೆಚ್ಚು ಕೊಟ್ಟರೆ ಸ್ಪೆಲ್ ಸ್ಲಾಟ್ (ಇಷ್ಟೇ ಸಲ ಮಂತ್ರ ಹಾಕಬಹುದೆಂಬ ಲೆಕ್ಕ) ಖರ್ಚಾಗುವುದಿಲ್ಲ. 2014ರ ಆರ್ಕೇನ್ ಟ್ರಿಕ್‌ಸ್ಟರ್‌ಗೆ ರಿಚುವಲ್ ಹಾಕುವ ಸಾಮರ್ಥ್ಯವೇ ಇಲ್ಲ. ಮೂರನೇ ಲೆವೆಲ್‌ನಲ್ಲಿ ನಿಮಗಿರುವುದು ಎರಡೇ ಸ್ಲಾಟ್, ಗೂಬೆಯನ್ನು ಪ್ರತಿ ಸಲ ಕರೆದಾಗಲೂ ಒಂದು ಹೋಗುತ್ತದೆ. ನಾನು ಎಲ್ಲರಿಗೂ ಹೇಳುವ ಉಪಾಯ ಇಷ್ಟು: ದಿನದ ಕೊನೆಯಲ್ಲಿ ಒಂದು ಸ್ಲಾಟ್ ಉಳಿದಿದ್ದರೆ, ದೀರ್ಘ ವಿಶ್ರಾಂತಿಗೆ ಮಲಗುವ ಮುನ್ನ ಆ ಒಂದು ಗಂಟೆ ಕುಳಿತು ಕರೆದುಬಿಡಿ. ಬಂದ ಫೆಮಿಲಿಯರ್‌ಗೆ ಕಾಲಮಿತಿಯಿಲ್ಲ, ಬೆಳಿಗ್ಗೆ ಸ್ಲಾಟ್‌ಗಳೆರಡೂ ಮರಳಿರುತ್ತವೆ. ಕರೆಯುವ ಆ ಗಂಟೆಯುದ್ದಕ್ಕೂ ಏಕಾಗ್ರತೆ ಬೇಕು. ನಡುವೆ ಯಾರಾದರೂ ದಾಳಿ ಮಾಡಿ ಅದು ಮುರಿದರೆ ಮಂತ್ರ ಕೆಡುತ್ತದೆ, ಆದರೆ ಸ್ಲಾಟ್ ನಷ್ಟವಾಗುವುದಿಲ್ಲ.

ಬೇರೆ ಉಪವರ್ಗದ ಮೇಲೆ ಮನಸ್ಸಿದ್ದರೆ ನಾಲ್ಕನೇ ಲೆವೆಲ್‌ವರೆಗೆ ಕಾಯಿರಿ, ಫೀಟ್‌ಗಳನ್ನು (ಪಾತ್ರ ಆರಿಸಿಕೊಳ್ಳುವ ಹೆಚ್ಚುವರಿ ಸಾಮರ್ಥ್ಯಗಳನ್ನು) ನಿಮ್ಮ ಮೇಜು ಒಪ್ಪುವುದಾದರೆ. ಮ್ಯಾಜಿಕ್ ಇನಿಷಿಯೇಟ್ ತೆಗೆದುಕೊಂಡರೆ ಈ ಮಂತ್ರವನ್ನು ದೀರ್ಘ ವಿಶ್ರಾಂತಿಗೊಮ್ಮೆ ಹಾಕಬಹುದು, ಜೊತೆಗೆ ಎರಡು ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಚಿಕ್ಕ ಮಂತ್ರ). ರಿಚುವಲ್ ಕ್ಯಾಸ್ಟರ್ ತೆಗೆದುಕೊಂಡರೆ ಎಷ್ಟು ಸಲ ಬೇಕಾದರೂ ಕರೆಯಬಹುದು, ಆದರೆ ಇಂಟೆಲಿಜೆನ್ಸ್ ಅಥವಾ ವಿಸ್ಡಮ್ 13 ಇರಬೇಕು. ಫೆಮಿಲಿಯರ್ ಪದೇ ಪದೇ ಸಾಯುವ ಮೇಜಿನಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ. ಒಂದು ಲೆವೆಲ್ ವಿಝರ್ಡ್ ಆಗಿ ಬೆರೆಸುವುದೂ ಸಾಧ್ಯ, ಇಂಟೆಲಿಜೆನ್ಸ್ 13 ಇದ್ದರೆ. ಒಂದು ಗೂಬೆಗೋಸ್ಕರ ರೋಗ್‌ನ ಬೆಳವಣಿಗೆಯನ್ನು ಒಂದು ಮೆಟ್ಟಿಲು ಹಿಂದೆ ತಳ್ಳುವುದು ನನಗೆ ಒಪ್ಪಿಗೆಯಾಗದು, ಆದರೆ ಉಳಿದ ವಿಝರ್ಡ್ ಮಂತ್ರಗಳೂ ಬೇಕೆನಿಸಿದರೆ ಮಾತು ಬೇರೆ.

ನಿಮ್ಮ ಗುಂಪು 2024ರ ಪರಿಷ್ಕೃತ ಪುಸ್ತಕಕ್ಕೆ ಹೋಗುವ ಯೋಚನೆಯಲ್ಲಿದ್ದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಮಂತ್ರ ಸಿದ್ಧವಿದ್ದರೆ ಯಾರಾದರೂ ಅದನ್ನು ರಿಚುವಲ್ ಆಗಿ ಹಾಕಬಹುದು, ಆರ್ಕೇನ್ ಟ್ರಿಕ್‌ಸ್ಟರ್‌ಗೆ ವಿಭಾಗಗಳ ಬಂಧನವೂ ಇಲ್ಲ. ಮೂರನೇ ಲೆವೆಲ್‌ನ ನಿರ್ಧಾರಕ್ಕೆ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಗೂಬೆ ಏನು ಮಾಡಬಲ್ಲದು, ಏನು ಮಾಡಲಾರದು

ಫೆಮಿಲಿಯರ್ ದಾಳಿ ಮಾಡುವಂತಿಲ್ಲ ಎಂದು ಓದಿದ ತಕ್ಷಣ ಯುದ್ಧದಲ್ಲಿ ಅದು ದಂಡ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ದಾಳಿಯೊಂದನ್ನು ಬಿಟ್ಟು ಉಳಿದ ಆಕ್ಷನ್‌ಗಳೆಲ್ಲ ಅದಕ್ಕೆ ತೆರೆದಿವೆ, ಅವುಗಳಲ್ಲಿ ಹೆಲ್ಪ್ ಕೂಡ ಒಂದು. ಗೂಬೆ ಶತ್ರುವಿನ ಐದು ಅಡಿಯೊಳಗೆ ಹಾರಿ ಬಂದು ಗಮನ ಕೆಡಿಸಿದರೆ, ಅದರ ಮುಂದಿನ ಸರದಿಗೆ ಮೊದಲು ನೀವು ಮಾಡುವ ಮೊದಲ ದಾಳಿಗೆ ಅಡ್ವಾಂಟೇಜ್, ಅಂದರೆ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು. ರೋಗ್‌ಗೆ ಅಡ್ವಾಂಟೇಜ್ ಎಂದರೆ ಸ್ನೀಕ್ ಅಟ್ಯಾಕ್ ಎಂಬ ಹೆಚ್ಚುವರಿ ಪೆಟ್ಟು. ಗೂಬೆಗೆ ಫ್ಲೈಬೈ ಎಂಬ ಗುಣವೂ ಇರುವುದರಿಂದ ಶತ್ರುವಿನ ಬಳಿಯಿಂದ ಹಾರಿಹೋಗುವಾಗ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವವರ ಮೇಲೆ ಸಿಗುವ ಬಿಟ್ಟಿ ದಾಳಿ) ಬೀಳುವುದಿಲ್ಲ. 60 ಅಡಿ ಹಾರುತ್ತದೆ, ಕತ್ತಲಲ್ಲಿ 120 ಅಡಿ ಕಾಣುತ್ತದೆ. ಅದು ತನ್ನದೇ ಇನಿಷಿಯೇಟಿವ್ (ಸರದಿಯ ಕ್ರಮ ನಿರ್ಧರಿಸುವ ದಾಳ) ಉರುಳಿಸುತ್ತದೆ ಎಂಬುದು ನೆನಪಿರಲಿ: ಕೆಲವು ಯುದ್ಧಗಳಲ್ಲಿ ಮೊದಲ ಸುತ್ತಿನಲ್ಲಿ ನಿಮ್ಮ ಸರದಿ ಅದಕ್ಕಿಂತ ಮುಂಚೆ ಬಂದು, ಸಹಾಯ ತಡವಾಗುತ್ತದೆ.

ಇನ್ನು ಕಣ್ಣು ಹಂಚಿಕೊಳ್ಳುವ ವಿಷಯ. ಒಂದು ಆಕ್ಷನ್ ಕೊಟ್ಟು ನಿಮ್ಮ ಮುಂದಿನ ಸರದಿಯವರೆಗೆ ಗೂಬೆಯ ಕಣ್ಣಿಂದ ನೋಡಬಹುದು, ಅದರ ಕಿವಿಯಿಂದ ಕೇಳಬಹುದು. ಅಷ್ಟು ಹೊತ್ತೂ ನಿಮ್ಮ ಸ್ವಂತ ಕಣ್ಣು ಕಿವಿ ಮುಚ್ಚಿರುತ್ತವೆ. ಬಾಗಿಲ ಬಳಿ ಒಬ್ಬರೇ ನಿಂತು ಇದನ್ನು ಮಾಡುವ ರೋಗ್ ತನ್ನ ಬೆನ್ನ ಹಿಂದೆ ಬಂದವರನ್ನು ಕಾಣುವುದಿಲ್ಲ, ಪಕ್ಕದಲ್ಲಿ ಒಬ್ಬ ಸಂಗಾತಿ ಇರಲೇಬೇಕು. ಮನಸ್ಸಿನಿಂದ ಮಾತಾಡುವ ವ್ಯಾಪ್ತಿ 100 ಅಡಿ. ನಾನು ನಡೆಸುವ ಆಟಗಳಲ್ಲಿ ಕಣ್ಣು ಹಂಚಿಕೊಳ್ಳುವುದಕ್ಕೂ ಅದೇ ಮಿತಿ ಇಡುತ್ತೇನೆ, ಪುಸ್ತಕದ ಆ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿದರೆ ಅದೇ ಸಹಜ ಅರ್ಥ. 100 ಅಡಿ ಎಂದರೆ ನಕ್ಷೆಯಲ್ಲಿ ಇಪ್ಪತ್ತು ಚೌಕ, ಅಷ್ಟೇ. ಇಡೀ ಕೋಟೆಯನ್ನು ದೂರದಿಂದ ನೋಡಿಬಿಡುವ ಕನಸು ಇಲ್ಲಿ ನಡೆಯುವುದಿಲ್ಲ.

ಗೂಬೆಯ ಇಂಟೆಲಿಜೆನ್ಸ್ 2. ಅದು ನಿಮ್ಮ ಆಜ್ಞೆ ಪಾಲಿಸುತ್ತದೆ, ಆದರೆ "ಒಳಗೆ ಎಷ್ಟು ಜನ, ಯಾರು ನಾಯಕ, ಏನು ಮಾತಾಡುತ್ತಿದ್ದಾರೆ" ಎಂಬ ವರದಿಯನ್ನು ಅದರಿಂದ ನಿರೀಕ್ಷಿಸುವುದು ಹೆಚ್ಚಾಯಿತು. ಬೇಕಿದ್ದರೆ ನೀವೇ ಅದರ ಕಣ್ಣಿನೊಳಗೆ ಇಳಿಯಬೇಕು, ಆಗ ಮೇಲೆ ಹೇಳಿದ ಅಪಾಯ.

ಗೂಬೆಯೇ ಎಲ್ಲಕ್ಕಿಂತ ಶ್ರೇಷ್ಠ ಎಂಬ ಮಾತನ್ನೂ ಒಂದಿಷ್ಟು ಸರಿಪಡಿಸಬೇಕು. ಯುದ್ಧಕ್ಕೆ ಹೌದು. ಆದರೆ ಊರೊಳಗಿನ ಮನೆಯೊಂದರಲ್ಲಿ ಗೂಬೆ ಹಾರಿ ಬಂದರೆ ಎಲ್ಲರೂ ತಲೆ ಎತ್ತುತ್ತಾರೆ, ಇಲಿ ಅಥವಾ ಜೇಡವನ್ನು ಯಾರೂ ಗಮನಿಸುವುದಿಲ್ಲ. ಜೇಡ ಗೋಡೆ, ಮಾಳಿಗೆ ಎಲ್ಲ ಹತ್ತುತ್ತದೆ. ಬಾವಲಿಗೆ 60 ಅಡಿವರೆಗೆ ಕಣ್ಣಿಲ್ಲದೆಯೂ ತಿಳಿಯುವ ಬ್ಲೈಂಡ್‌ಸೈಟ್ ಇದೆ, ಅದೃಶ್ಯ ಶತ್ರುವಿನ ಅನುಮಾನವಿದ್ದರೆ ನನ್ನ ಆಯ್ಕೆ ಅದು. ರೂಪ ಬದಲಿಸಲು ಮಂತ್ರವನ್ನು ಮತ್ತೆ ಹಾಕಬೇಕು, ನಿಮಗೆ ಅದು ಒಂದು ಸ್ಲಾಟ್. ಹಾಗಾಗಿ ನಾಳೆ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಹಿಂದಿನ ರಾತ್ರಿಯೇ ಯೋಚಿಸಿ.

ಬೆಕ್ಕು ಯಾಕೆ ಪ್ರತಿ ಸಲ ಸಾಯುತ್ತಿದೆ?

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಈ ಸಾಲು. ಬೆಕ್ಕಿಗಿರುವುದು 2 ಹಿಟ್ ಪಾಯಿಂಟ್, ಗೂಬೆಗೆ 1. ಫೈರ್‌ಬಾಲ್‌ನಂಥ ಮಂತ್ರ ಬಿದ್ದರೆ ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಗೆದ್ದರೂ ಅರ್ಧ ಪೆಟ್ಟೇ ಸಾಕು. ಯುದ್ಧದ ನಡುವೆ ಓಡಾಡುವ ಫೆಮಿಲಿಯರ್ ಸಾಯುವುದು ಸಹಜ, ಸಾಯಲಿ ಎಂದೇ ಅದನ್ನು ಇಷ್ಟು ಅಗ್ಗ ಮಾಡಿದ್ದಾರೆ. ಬುದ್ಧಿಯಿರುವ ಶತ್ರು ಎರಡು ಸುತ್ತು ತೊಂದರೆ ಕೊಟ್ಟ ಹಕ್ಕಿಗೆ ಮೂರನೆಯ ಸುತ್ತಿನಲ್ಲಿ ಬಾಣ ಹೂಡಿದರೆ ಅದನ್ನು ಡಿಎಂನ ಹಗೆ ಎನ್ನಲಾಗದು. ಆದರೆ ಹಸಿದ ತೋಳವೂ ಬುದ್ಧಿಹೀನ ಅಸ್ಥಿಪಂಜರವೂ ಎದುರಿನ ಯೋಧನನ್ನು ಬಿಟ್ಟು ಪ್ರತಿ ಸಲ ಮೊದಲು ಬೆಕ್ಕಿನ ಮೇಲೇ ಬಿದ್ದರೆ, ಡಿಎಂಗೆ ಫೆಮಿಲಿಯರ್‌ನಿಂದ ಏನೋ ಕಷ್ಟವಾಗುತ್ತಿದೆ, ಅದನ್ನು ಹೇಳುತ್ತಿಲ್ಲ ಎಂದರ್ಥ.

ಆ ಕಷ್ಟ ನಿಜವಾದದ್ದು. ಡಿಎಂ ವಾರವಿಡೀ ಕೂತು ಕತ್ತಲ ಕೋಣೆಯೊಂದನ್ನು ಹೆಣೆದಿರುತ್ತಾರೆ, ಒಂದು ಪ್ರಾಣಿ ಒಳಗೆ ಇಣುಕಿ ಬಂದರೆ ಅದರ ಭಯ ಮುಗಿಯಿತು. ಉಳಿದ ಆಟಗಾರರು ಸುಮ್ಮನೆ ಕೂತು ಒಬ್ಬರೇ ಬೇಹುಗಾರಿಕೆ ಮಾಡುವುದನ್ನು ನೋಡಬೇಕು. ಫೆಮಿಲಿಯರ್‌ಗೆ ಯುದ್ಧದಲ್ಲಿ ತನ್ನದೇ ಸರದಿ ಇರುವುದರಿಂದ ಅದರ ಒಡೆಯರು ಎರಡು ಸಲ ಆಡಿದಂತೆ ಇತರರಿಗೆ ಕಾಣುತ್ತದೆ. ಗುಂಪಿನಲ್ಲಿ ಎರಡನೆಯ ಫೆಮಿಲಿಯರ್ ಬಂದರೆ ಇದೆಲ್ಲ ಇಮ್ಮಡಿ. ಕಾಡಿಗೆ ಹೋಗಿ ಪಳಗಿಸು ಎಂಬ ಮಾತು ಬಹುಶಃ ಇದನ್ನು ತಡೆಯುವ ಸೌಮ್ಯ ಪ್ರಯತ್ನ. ಇದು ನನ್ನ ಊಹೆ, ಅವರನ್ನೇ ಕೇಳುವುದು ಒಳ್ಳೆಯದು.

ಆದ್ದರಿಂದ ಸ್ವಾರ್ಥದ ಪ್ರಶ್ನೆಗೆ ನನ್ನ ಉತ್ತರ: ಬಯಸುವುದು ಸ್ವಾರ್ಥವಲ್ಲ, ಆದರೆ ಹೇಗೆ ಆಡುತ್ತೀರಿ ಎಂಬುದರ ಮೇಲೆ ಉಳಿದವರ ಸಂತೋಷ ನಿಂತಿದೆ. ನಿಮ್ಮ ಗೂಬೆಯ ಸರದಿಯನ್ನು ನಿಮ್ಮ ಸರದಿಗಿಂತ ಚಿಕ್ಕದಾಗಿಡಿ, ಏನು ಮಾಡಬೇಕೆಂದು ಮುಂಚೆಯೇ ನಿರ್ಧರಿಸಿ ಒಂದೇ ವಾಕ್ಯದಲ್ಲಿ ಹೇಳಿಬಿಡಿ. ಹೆಲ್ಪ್ ಅನ್ನು ಯಾವಾಗಲೂ ನಿಮಗೇ ಬಳಸಬೇಡಿ. ಗುರಿ ತಪ್ಪುತ್ತಲೇ ಇರುವ ಫೈಟರ್‌ಗೆ ಒಂದು ಸುತ್ತು ಕೊಟ್ಟು ನೋಡಿ, ಗೂಬೆ ಇಡೀ ಗುಂಪಿನದಾಗುತ್ತದೆ. ರೋಗ್‌ಗೆ ಸ್ನೀಕ್ ಅಟ್ಯಾಕ್ ಪಡೆಯಲು ಬೇರೆ ದಾರಿಯೂ ಇದೆಯಲ್ಲ, ಗುರಿಯ ಪಕ್ಕದಲ್ಲಿ ನಿಮ್ಮ ಜೊತೆಗಾರರೊಬ್ಬರು ನಿಂತಿದ್ದರೂ ಸಾಕು. ದೊಡ್ಡ ಅಪಾಯ ಮುಂದಿದೆ ಎನಿಸಿದರೆ ಒಂದು ಆಕ್ಷನ್ ಕೊಟ್ಟು ಗೂಬೆಯನ್ನು ಪಾಕೆಟ್ ಡೈಮೆನ್ಷನ್‌ಗೆ (ಬೇರೊಂದು ಪುಟ್ಟ ಲೋಕಕ್ಕೆ) ಕಳಿಸಿ, ಆಮೇಲೆ ಇನ್ನೊಂದು ಆಕ್ಷನ್‌ನಲ್ಲಿ 30 ಅಡಿಯೊಳಗೆ ಮರಳಿ ಕರೆಯಿರಿ. ಸಾಯಲು ಬಿಡುವುದಕ್ಕಿಂತ ಇದು ಅಗ್ಗ. ಎಷ್ಟೋ ಜನ ಈ ನಿಯಮವನ್ನು ಬಳಸುವುದೇ ಇಲ್ಲ, ನಿಮ್ಮ ವಿಝರ್ಡ್ ಗೆಳೆಯರಿಗೂ ನೆನಪಿಸಿ.

ಡಿಎಂ ಒಪ್ಪದಿದ್ದರೆ

ಮೇಜಿನ ಕೊನೆಯ ಮಾತು ಡಿಎಂನದು, ಪುಸ್ತಕದ ಪುಟ ತೆರೆದು ತೋರಿಸಿ ಗೆಲ್ಲಲು ಹೋಗಬೇಡಿ. ಅವರಿಗೆ ನಿಜವಾದ ಪ್ರಾಣಿಯ ಕಥೆಯೇ ಇಷ್ಟವಾದರೆ ಅದೂ ಚೆಂದವೇ, ಆದರೆ ಏನು ಕೈಬಿಡುತ್ತೀರಿ ಎಂಬುದು ಗೊತ್ತಿರಲಿ. ಪಳಗಿಸಿದ ಗೂಬೆಯೊಂದಿಗೆ ಮನಸ್ಸಿನ ಮಾತಿಲ್ಲ, ಕಣ್ಣು ಹಂಚಿಕೊಳ್ಳುವುದಿಲ್ಲ, ಮಾಯವಾಗಿ ಅಡಗುವ ಜಾಗವೂ ಇಲ್ಲ. ಸತ್ತರೆ ಸತ್ತಂತೆ. ಒಂದು ಹಿಟ್ ಪಾಯಿಂಟ್‌ನ ಜೀವವನ್ನು ಯುದ್ಧಕ್ಕೆ ಕರೆದೊಯ್ಯುವುದು ನನಗೆ ಸಲೀಸಾಗಿ ತೋರುವುದಿಲ್ಲ. ಪ್ರೀತಿಯಿಂದ ಹೆಸರಿಟ್ಟು ಬೆಳೆಸಿದ್ದು ಮೊದಲ ಬಾಣಕ್ಕೇ ಹೋದಾಗ ಆಟಗಾರರು ನಿಜವಾಗಿ ನೊಂದುಕೊಳ್ಳುವುದನ್ನು ನೋಡಿದ್ದೇನೆ. ಈ ದಾರಿ ಹಿಡಿದರೆ ಯುದ್ಧದಲ್ಲಿ ಆ ಪ್ರಾಣಿಯನ್ನು ಯಾರೂ ಗುರಿ ಮಾಡುವುದಿಲ್ಲ, ಅದರಿಂದ ಯುದ್ಧದ ಲಾಭವನ್ನೂ ಪಡೆಯುವುದಿಲ್ಲ ಎಂಬ ಒಪ್ಪಂದ ಮೊದಲೇ ಆಗಲಿ.

ನಡುದಾರಿಯೂ ಒಂದಿದೆ. 2014ರ ಮಾನ್‌ಸ್ಟರ್ ಮ್ಯಾನ್ಯುಯಲ್ ಎಂಬ ಜೀವಿಗಳ ಪುಸ್ತಕದಲ್ಲಿ ಸ್ಯೂಡೋಡ್ರ್ಯಾಗನ್, ಇಂಪ್, ಕ್ವಾಸಿಟ್‌ಗಳು ತಾವಾಗಿಯೇ ಮಾಂತ್ರಿಕರ ಸೇವೆಗೆ ಬರುವ ಐಚ್ಛಿಕ ನಿಯಮವಿದೆ. ಅವುಗಳ ಬಾಂಧವ್ಯ ಒಂದು ಮೈಲಿವರೆಗೂ ಹರಡುತ್ತದೆ. ಅವು ತಮಗೆ ಬೇಡವೆನಿಸಿದ ಕ್ಷಣ ಬಿಟ್ಟು ಹೋಗಬಹುದು. ಹುಡುಕಿ, ಒಲಿಸಿಕೊಂಡು, ಉಳಿಸಿಕೊಳ್ಳಬೇಕಾದ ಕಥೆ ನಿಮ್ಮ ಡಿಎಂಗೆ ಬೇಕಿದ್ದರೆ ಅದು ಇಲ್ಲಿ ಸಿಗುತ್ತದೆ. ನಿಮಗೂ ಮಾಯೆಯ ನಂಟು ಸಿಗುತ್ತದೆ. ಆದರೆ ಮೂರನೇ ಲೆವೆಲ್ ಗುಂಪಿಗೆ ಇದು ಬಲು ದೊಡ್ಡ ಉಡುಗೊರೆ, ಇಂಪ್ ದಾಳಿಯನ್ನೂ ಮಾಡುತ್ತದೆ, ಅದೃಶ್ಯವೂ ಆಗುತ್ತದೆ. ಉಳಿದವರಿಗೂ ಆ ತೂಕದ್ದೇನಾದರೂ ಸಿಗುವಂತಿದ್ದರೆ ಮಾತ್ರ ಕೇಳಿ.

ಮುಂದಿನ ಆಟಕ್ಕೆ ಮೊದಲು ಡಿಎಂ ಜೊತೆ, ಸಾಧ್ಯವಾದರೆ ಆ ವಿಝರ್ಡ್ ಆಟಗಾರರನ್ನೂ ಕೂರಿಸಿಕೊಂಡು, ಹತ್ತು ನಿಮಿಷ ಮಾತಾಡಿ. ಯಾವ ಪುಸ್ತಕದ ಫೈಂಡ್ ಫೆಮಿಲಿಯರ್ ನಡೆಯುತ್ತದೆ, ಕಣ್ಣು ಹಂಚಿಕೊಳ್ಳುವ ಮಿತಿ ಎಷ್ಟು, ಫೆಮಿಲಿಯರ್‌ಗಳನ್ನು ಶತ್ರುಗಳು ಯಾವಾಗ ಗುರಿ ಮಾಡುತ್ತಾರೆ, ಒಂದೇ ಕೋಣೆಯನ್ನು ಎರಡೂ ಪ್ರಾಣಿಗಳು ಇಣುಕಿ ನೋಡಬೇಕೇ ಎಂದು ಕೇಳಿ. ಬೆಕ್ಕಿನ ಮನಸ್ತಾಪವೂ ಅಲ್ಲೇ ಬಗೆಹರಿಯುವ ಸಾಧ್ಯತೆ ಹೆಚ್ಚು. ಅವರು ಎರಡು ಫೆಮಿಲಿಯರ್ ಹೆಚ್ಚಾಯಿತು ಎಂದರೆ ಆ ಮೂರನೆಯ ಮಂತ್ರದ ಜಾಗಕ್ಕೆ ಶೀಲ್ಡ್ ಹಾಕಿಕೊಳ್ಳಿ. ಮುಂದೆ ಲೆವೆಲ್ ಏರಿದಾಗ ಕಲಿತ ಒಂದು ಮಂತ್ರವನ್ನು ಬದಲಿಸುವ ಅವಕಾಶ ಆರ್ಕೇನ್ ಟ್ರಿಕ್‌ಸ್ಟರ್‌ಗೆ ಇದ್ದೇ ಇದೆ, ಮೂರನೇ ಲೆವೆಲ್‌ನ ಆ ಬಂಧನವಿಲ್ಲದ ಮಂತ್ರದ ಬದಲು ಮತ್ತೆ ಯಾವ ವಿಭಾಗದ್ದನ್ನಾದರೂ ತೆಗೆದುಕೊಳ್ಳಬಹುದು. ಗೂಬೆ ಆಗಲೂ ಬರಬಹುದು.